ಮೊಮ್ಮಗು ಸೊರಗುತ್ತಿದೆ, ಊಟ ಸೇರುತ್ತಿಲ್ಲ: ಅಜ್ಜಿ, ತಾತ ಎಲ್ಲಿಂದ ಶುರು ಮಾಡಬೇಕು?

ದಸರಾ ರಜೆಗೆ ಮೊಮ್ಮಗ ಬೆಂಗಳೂರಿನಿಂದ ತಿಪಟೂರಿಗೆ ಬಂದ. ಆಗ ಅವನಿಗೆ ನಾಲ್ಕು ವರ್ಷ ಮೂರು ತಿಂಗಳು. ಬಸ್ಸಿಳಿದವನು ಒಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡೇ ನನ್ನ ಕಡೆ ಓಡಿ ಬಂದ. ಯುಗಾದಿಗೆ ನಾನೇ ಕೊಡಿಸಿದ್ದ ಚಡ್ಡಿ ಅದು, ಆಗ ಸೊಂಟಕ್ಕೆ ಸರಿಯಾಗಿ ಕೂತಿತ್ತು. ನನ್ನ ಬಾಯಿಂದ ಮೊದಲು ಬಂದದ್ದು, "ಏನಮ್ಮಾ, ಹುಡುಗನಿಗೆ ಊಟ ಹಾಕ್ತಿದ್ದೀಯೋ ಇಲ್ವೋ?" ಸೊಸೆ ಉತ್ತರ ಕೊಡಲಿಲ್ಲ. ರಾತ್ರಿ ಅಡುಗೆಮನೆಯಲ್ಲಿ ಅಳುತ್ತಿದ್ದಳು.

26 ವರ್ಷ ಅಂಗನವಾಡಿಯಲ್ಲಿ ಮಕ್ಕಳನ್ನು ತೂಗಿದವಳು ನಾನು. ತಾಯಂದಿರನ್ನು ಹಾಗೆ ಕೇಳಬಾರದು ಎಂದು ಸಹಾಯಕಿಯರಿಗೆ ಹೇಳಿಕೊಟ್ಟವಳು. ನನ್ನದೇ ಮೊಮ್ಮಗನ ವಿಷಯ ಬಂದಾಗ ತೂಗುವ ಮೊದಲೇ ತಪ್ಪು ಹೊರಿಸಿಬಿಟ್ಟೆ. ಆ ರಾತ್ರಿಯ ಬೇಸರ ಇನ್ನೂ ಇದೆ. ನಿಮ್ಮ ಮನೆಯಲ್ಲಿ ಹಾಗಾಗದಿರಲಿ ಎಂದು, ಯಾವುದು ಮೊದಲು ಯಾವುದು ಆಮೇಲೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತೂಗಿ

ಕಣ್ಣಳತೆ ನಂಬಬೇಡಿ. ಆರು ತಿಂಗಳಿಗೊಮ್ಮೆ ನೋಡುವ ಅಜ್ಜಿಗೆ ಎತ್ತರ ಬೆಳೆದ ಮಗುವೂ ಸೊರಗಿದಂತೆ ಕಾಣುತ್ತದೆ. ದಿನಾ ನೋಡುವ ತಾಯಿಗೆ ನಿಜವಾಗಿ ಇಳಿದದ್ದು ಕಾಣದೆಯೂ ಹೋಗಬಹುದು. ಅಮೆರಿಕದಲ್ಲೋ ದುಬೈನಲ್ಲೋ ಇರುವ ಮೊಮ್ಮಕ್ಕಳನ್ನು ವಿಡಿಯೊ ಕರೆಯಲ್ಲಿ ನೋಡಿ "ಮುಖ ಬಾಡಿದೆ" ಎನ್ನುವುದಂತೂ ಬೇಡವೇ ಬೇಡ. "ಹೋದ ಸಲ ಡಾಕ್ಟರ ಹತ್ತಿರ ತೂಕ ಎಷ್ಟಿತ್ತು, ಈಗ ಎಷ್ಟಿದೆ?" ಎಂದು ಕೇಳಿ, ಸಾಕು.

ತೂಗುವುದಕ್ಕೂ ಕ್ರಮವಿದೆ. ಒಂದೇ ತಕ್ಕಡಿ, ಬೆಳಗಿನ ಹೊತ್ತು, ಮೂತ್ರ ಮಾಡಿಸಿದ ಮೇಲೆ, ಒಳಉಡುಪಿನಲ್ಲಿ. ಶೂ, ಯೂನಿಫಾರ್ಮ್ ಸೇರಿದರೆ ಅರ್ಧ ಕಿಲೋ ಸುಳ್ಳು ತೂಕ ಸುಲಭವಾಗಿ ಬರುತ್ತದೆ. ಮನೆಯ ಡಿಜಿಟಲ್ ತಕ್ಕಡಿಯಲ್ಲಿ ನೀವೊಮ್ಮೆ ನಿಂತು, ಮಗುವನ್ನು ಎತ್ತಿಕೊಂಡು ಇನ್ನೊಮ್ಮೆ ನಿಂತು, ಎರಡರ ವ್ಯತ್ಯಾಸ ನೋಡುವುದು ಅಂದಾಜಿಗೆ ಆದೀತು, ಲೆಕ್ಕಕ್ಕೆ ಬಾರದು. ಹತ್ತಿರದ ಅಂಗನವಾಡಿಗೆ ಕರೆದುಕೊಂಡು ಹೋಗಿ. ಅಲ್ಲಿ ತಿಂಗಳು ತಿಂಗಳು ಮಕ್ಕಳನ್ನು ತೂಗುತ್ತಾರೆ, ಎತ್ತರವನ್ನೂ ಅಳೆಯುತ್ತಾರೆ.

ಆಮೇಲೆ ಹಳೆಯ ತೂಕ ಹುಡುಕಿ. ತಾಯಿ ಕಾರ್ಡ್, ಲಸಿಕೆ ಪುಸ್ತಕ, ಶಾಲೆಯ ಆರೋಗ್ಯ ತಪಾಸಣೆಯ ಚೀಟಿ, ಜ್ವರ ಬಂದಾಗ ಡಾಕ್ಟರು ಬರೆದ ಚೀಟಿಯ ಮೂಲೆ, ಎಲ್ಲಿಯಾದರೂ ಒಂದು ಸಂಖ್ಯೆ ಸಿಕ್ಕೇ ಸಿಗುತ್ತದೆ. ನಮ್ಮ ಹುಡುಗನದು ಜೂನ್ ತಿಂಗಳ ಚೀಟಿಯಲ್ಲಿ 15.4 ಕಿಲೋ. ದಸರಾದಲ್ಲಿ 14.6.

ಇಲ್ಲೇ ಅನೇಕರು ಎಡವುವುದು. 14.6 ಕಿಲೋ ಆ ವಯಸ್ಸಿಗೆ ಕೆಟ್ಟ ತೂಕವಲ್ಲ, ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ಹಸಿರು ಪಟ್ಟಿಯೊಳಗೇ ಬರುತ್ತದೆ. ಅಂಗನವಾಡಿಯ ಹುಡುಗಿಯೂ "ನಾರ್ಮಲ್ ಇದೆ ಟೀಚರ್" ಎಂದಳು. ಆದರೆ ಮಗು ಹಸಿರಿನಲ್ಲಿದೆಯೇ ಎಂಬುದಕ್ಕಿಂತ ನಕ್ಷೆಯಲ್ಲಿ ತಿಂಗಳು ತಿಂಗಳ ತೂಕ ಸೇರಿಸಿ ಎಳೆದ ಗೆರೆ ಯಾವ ಕಡೆ ಹೋಗುತ್ತಿದೆ ಎಂಬುದು ಮುಖ್ಯ. ಸಣಕಲು ಅಪ್ಪ ಅಮ್ಮನ ಸಣಕಲು ಮಗು ತನ್ನದೇ ಗೆರೆ ಹಿಡಿದು ಮೇಲಕ್ಕೆ ಹೋಗುತ್ತಿದ್ದರೆ ಚಿಂತೆಯಿಲ್ಲ. ದುಂಡಗಿದ್ದ ಮಗುವಿನ ಗೆರೆ ಕೆಳಗೆ ತಿರುಗಿದರೆ ಅದು ನೋಡಬೇಕಾದ ವಿಷಯ. ಬೆಳೆಯುವ ಮಗುವಿನ ತೂಕ ಎರಡು ಮೂರು ತಿಂಗಳು ನಿಂತರೂ ಕೇಳಬೇಕು, ಇಳಿದರಂತೂ ಕೇಳಲೇಬೇಕು. ಮೂರು ತಿಂಗಳೊಳಗೆ ನೂರಕ್ಕೆ ಐದು ಭಾಗಕ್ಕಿಂತ ಹೆಚ್ಚು ಇಳಿದಿದ್ದರೆ ಕ್ಷಯದ ತಪಾಸಣೆಯಲ್ಲೂ ಅದನ್ನು ಒಂದು ಲಕ್ಷಣವಾಗಿ ಹಿಡಿಯುತ್ತಾರೆ. ನಮ್ಮ ಹುಡುಗ ನಾಲ್ಕು ತಿಂಗಳಲ್ಲಿ 800 ಗ್ರಾಂ ಇಳಿದಿದ್ದ, ಐದು ಭಾಗ ದಾಟಿತ್ತು.

ಹಸಿವು ಕಡಿಮೆಯಾಗುವುದು ಸಹಜವಾದ ಕಾಲವೂ ಒಂದಿದೆ

ಹುಟ್ಟಿದ ತೂಕ ಐದು ತಿಂಗಳಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗುತ್ತದೆ. ನಾಲ್ಕರಷ್ಟಾಗಲು ಎರಡು ವರ್ಷ ಬೇಕು. ಅಲ್ಲಿಂದ ಮುಂದೆ ವರ್ಷಕ್ಕೆ ಸುಮಾರು ಎರಡು ಕಿಲೋ, ಅಷ್ಟೇ. ವರ್ಷ ತುಂಬಿದ ಮಗು ಇದ್ದಕ್ಕಿದ್ದಂತೆ ಬಟ್ಟಲು ತಳ್ಳಲು ಶುರು ಮಾಡುವುದು ಇದಕ್ಕೇ. ಬೆಳವಣಿಗೆಯ ಓಟ ನಿಧಾನವಾಗಿದೆ, ಹಸಿವೂ ಅದಕ್ಕೆ ತಕ್ಕಂತೆ. ಹಲ್ಲು ಬರುವಾಗ, ನೆಗಡಿ ಜ್ವರದ ವಾರದಲ್ಲಿ, ಸೆಕೆಗಾಲದಲ್ಲಿ ಬಾಯಿ ಕೆಡುತ್ತದೆ, ಹತ್ತು ಹದಿನೈದು ದಿನದಲ್ಲಿ ಮರಳುತ್ತದೆ. ತೂಕ ಏರುತ್ತಿದ್ದು, ಮಗು ಆಡಿಕೊಂಡಿದ್ದರೆ "ಏನೂ ತಿನ್ನಲ್ಲ" ಎಂಬ ದೂರನ್ನು ಸ್ವಲ್ಪ ದಿನ ಪಕ್ಕಕ್ಕಿಡಬಹುದು.

ಕಾಯದೆ ಹೊರಡಬೇಕಾದ ಲಕ್ಷಣಗಳು

ಇವುಗಳಲ್ಲಿ ಒಂದಿದ್ದರೂ ಅದೇ ದಿನ ಆಸ್ಪತ್ರೆ. ರಾತ್ರಿಯಾಗಿದ್ದರೆ 108.

- ಆರು ತಿಂಗಳೊಳಗಿನ ಕೂಸು ಹಾಲು ಬಿಟ್ಟಿದೆ
- ನೀರೂ ಕುಡಿಯುತ್ತಿಲ್ಲ, ಎಂಟು ಗಂಟೆಗಳಷ್ಟು ಹೊತ್ತು ಮೂತ್ರ ಇಲ್ಲ, ಕಣ್ಣು ಗುಳಿ ಬಿದ್ದಿದೆ, ಮಂಕಾಗಿ ಮಲಗಿದೆ
- ವಾಂತಿ ನಿಲ್ಲುತ್ತಿಲ್ಲ, ವಾಂತಿ ಹಸಿರಾಗಿದೆ ಅಥವಾ ಮಲದಲ್ಲಿ ರಕ್ತ ಕಾಣುತ್ತಿದೆ
- ಎರಡೂ ಪಾದಗಳು ಊದಿವೆ, ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಗುಳಿ ಹಾಗೇ ನಿಲ್ಲುತ್ತದೆ
- ಬಿಡದೆ ಬಾಯಾರಿಕೆ, ಪದೇ ಪದೇ ಮೂತ್ರ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರು, ತಿಂದರೂ ಇಳಿಯುತ್ತಿದೆ

ಕೊನೆಯದನ್ನು ಇನ್ನೊಮ್ಮೆ ಓದಿ. ಅದು ಮಕ್ಕಳ ಸಕ್ಕರೆ ಕಾಯಿಲೆಯ ಗುರುತು. "ಇಷ್ಟು ಚಿಕ್ಕ ಮಗುವಿಗೆ ಶುಗರ್ ಎಲ್ಲಿಂದ" ಎಂದು ದಿನ ತಳ್ಳಿದರೆ ವಾಂತಿ, ಜೋರು ಉಸಿರು, ಪ್ರಜ್ಞೆ ತಪ್ಪುವವರೆಗೆ ಹೋಗುತ್ತದೆ. ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ನಿಮಿಷದೊಳಗೆ ಗೊತ್ತಾಗುವ ವಿಷಯ ಇದು.

ಎರಡು ವಾರ ದಾಟಿದ ಕೆಮ್ಮು ಅಥವಾ ಜ್ವರ, ಕುತ್ತಿಗೆಯಲ್ಲಿ ಗಂಟು, ಬಿಳಿಚಿದ ಮೈ ಜೊತೆಗೆ ಪೆಟ್ಟಾಗದೆಯೇ ನೀಲಿ ಕಲೆ, ರಾತ್ರಿ ಎಬ್ಬಿಸುವ ಮೂಳೆ ನೋವು, ತಿಂಗಳುಗಟ್ಟಲೆ ಭೇದಿ, ಇವಿದ್ದರೆ ಒಂದೆರಡು ದಿನದೊಳಗೆ ಮಕ್ಕಳ ತಜ್ಞರನ್ನು ಕಾಣಿ. ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ, ತಾತನದು ಹಳೆಯ ಕೆಮ್ಮೇ ಎಂಬುದನ್ನು ಮುಚ್ಚಿಡದೆ ಹೇಳಿ. ಮಕ್ಕಳಿಗೆ ಕ್ಷಯ ಅಂಟುವುದು ಹೆಚ್ಚಾಗಿ ಮನೆಯ ದೊಡ್ಡವರಿಂದ, ಕೆಲವೊಮ್ಮೆ ತೊಡೆಯ ಮೇಲೆ ಕೂರಿಸಿಕೊಂಡ ಅಜ್ಜ ಅಜ್ಜಿಯಿಂದಲೇ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧವೂ ಉಚಿತ.

ಐದು ವರ್ಷದೊಳಗಿನ ಮಕ್ಕಳಿಗೆ ಅಂಗನವಾಡಿಯಲ್ಲಿ ತೋಳಿನ ಸುತ್ತಳತೆಯ ಪಟ್ಟಿಯೂ ಇರುತ್ತದೆ. ಆರು ತಿಂಗಳಿಂದ ಐದು ವರ್ಷದವರೆಗಿನ ಮಗುವಿನ ರಟ್ಟೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಕ್ಕಳಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ, ಕೆಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ, ಸಾಮಾನ್ಯವಾಗಿ 14 ದಿನ ತಾಯಿಯ ಜೊತೆ ಇರಿಸಿಕೊಳ್ಳುತ್ತಾರೆ. ಕೂಲಿ ಹೋಗುತ್ತದೆಂದು ಹಿಂಜರಿಯುವ ತಾಯಂದಿರನ್ನು ಬಹಳ ನೋಡಿದ್ದೇನೆ. ಆ ಹದಿನಾಲ್ಕು ದಿನ ಮನೆಯಲ್ಲಿರುವ ಉಳಿದ ಮಕ್ಕಳನ್ನು ನೋಡಿಕೊಳ್ಳುತ್ತೇನೆ ಎಂದು ಅಜ್ಜಿ ಮುಂದೆ ಬಂದರೆ ಅರ್ಧ ಕೆಲಸ ಆದಂತೆಯೇ.

ಮೂರು ದಿನ ಬರೆದಿಡಿ

ಆತುರದ ಲಕ್ಷಣ ಯಾವುದೂ ಇಲ್ಲದಿದ್ದರೆ ವೈದ್ಯರ ಬಳಿ ಹೋಗುವ ಮೊದಲು ಮೂರು ದಿನ ಒಂದು ಪುಸ್ತಕದಲ್ಲಿ ಮಗು ಬಾಯಿಗೆ ಹಾಕಿದ್ದೆಲ್ಲ ಬರೆಯಿರಿ. ಹೊತ್ತು, ಪದಾರ್ಥ, ಎಷ್ಟು ತುತ್ತು, ಎಷ್ಟು ಲೋಟ. ಮಲ ಯಾವಾಗ, ಗಟ್ಟಿಯೋ ಮೆತ್ತಗೋ. ನಿದ್ದೆ. ಅಂಗಡಿಗೆ ಹೋದಾಗ ತಾತ ಕೊಡಿಸಿದ ಚಿಪ್ಸ್ ಕೂಡ ಬರೆಯಬೇಕು.

ನಮ್ಮ ಪುಸ್ತಕ ಎರಡನೇ ದಿನವೇ ಮಾತಾಡಿತು. ಬೆಳಗ್ಗೆ ಏಳಕ್ಕೆ ಒಂದು ಬಾಟಲಿ ಹಾಲು, ಹನ್ನೊಂದಕ್ಕೆ ಒಂದು, ಸಂಜೆ ಒಂದು, ಮಲಗುವಾಗ ಒಂದು. "ಊಟ ಮಾಡಲ್ಲ, ಹಾಲಾದರೂ ಕುಡೀಲಿ ಅಂತ ಕೊಡ್ತೀನಿ ಅತ್ತೆ" ಎಂದಳು ಸೊಸೆ. ನಾನೂ ಅವಳ ಗಂಡನಿಗೆ ಹಾಗೇ ಕೊಟ್ಟಿದ್ದೆ. ನಾಲ್ಕು ಬಾಟಲಿ ಸೇರಿ ಸುಮಾರು 900 ಮಿ.ಲೀ. ಆ ಹೊಟ್ಟೆಯಲ್ಲಿ ಮುದ್ದೆಗೆ, ಅನ್ನಕ್ಕೆ ಜಾಗವೆಲ್ಲಿ? ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. ಅತಿಯಾದರೆ ರಕ್ತ ಕಡಿಮೆಯಾಗುತ್ತದೆ, ರಕ್ತ ಕಡಿಮೆಯಾದರೆ ಹಸಿವು ಸಾಯುತ್ತದೆ, ಹಸಿವಿಲ್ಲವೆಂದು ಮತ್ತೆ ಹಾಲು ಕೊಡುತ್ತೇವೆ. ವರ್ಷ ದಾಟಿದ ಮಗುವಿಗೆ ದಿನಕ್ಕೆ ಎರಡು ಲೋಟ, ಅಂದರೆ 400ರಿಂದ 500 ಮಿ.ಲೀ. ಸಾಕು. ಅದೂ ಲೋಟದಲ್ಲಿ, ಊಟವಾದ ಮೇಲೆ.

ಪುಸ್ತಕದಲ್ಲಿ ಕಂಡ ಇನ್ನೊಂದು ಸಂಗತಿಯನ್ನು ನಾನು ಊಹಿಸಿರಲಿಲ್ಲ. ಮೂರು ದಿನದಲ್ಲಿ ಒಂದೇ ಸಲ ಮಲ, ಅದೂ ಗೋಲಿಯಂತೆ. ಕೂತು ಕೂತು ಕೇಳಿದಾಗ ಹುಡುಗ ಹೇಳಿದ: ಶಾಲೆಯ ಕಕ್ಕಸು ಕತ್ತಲೆ, ಅಲ್ಲಿಗೆ ಹೋಗಲು ಅವನಿಗೆ ಭಯ. ಹೋಗಬೇಕಾಗುತ್ತದೆಂದು ಡಬ್ಬಿ ತಿನ್ನುವುದಿಲ್ಲ, ನೀರು ಕುಡಿಯುವುದಿಲ್ಲ. ಮಲ ಕಟ್ಟಿದ ಮಗುವಿಗೆ ಹಸಿವೂ ಕಟ್ಟುತ್ತದೆ. ಹೊಸದಾಗಿ ಶಾಲೆ ಸೇರಿದ ಮಗು ಇಳಿಯುತ್ತಿದ್ದರೆ ಡಬ್ಬಿಯಲ್ಲಿ ಏನಿತ್ತು ಎನ್ನುವುದರ ಜೊತೆಗೆ "ಸ್ಕೂಲಲ್ಲಿ ಕಕ್ಕ ಬಂದ್ರೆ ಏನ್ ಮಾಡ್ತೀಯ ಕಂದಾ?" ಎಂದೂ ಕೇಳಿ. ಅಪ್ಪ ಅಮ್ಮನಿಗೆ ಹೇಳದ್ದನ್ನು ಮಕ್ಕಳು ಅಜ್ಜಿಯ ಮಗ್ಗುಲಲ್ಲಿ ಮಲಗಿ ಹೇಳುತ್ತವೆ. ಅದನ್ನು ಕೇಳಿಸಿಕೊಳ್ಳುವುದು ನಮ್ಮ ಪಾಲಿನ ಕೆಲಸ.

ಸೊಸೆ, ಮಗಳ ಜೊತೆ ಮಾತಾಡುವುದು ಹೇಗೆ

ಮಗುವಿನ ಮುಂದೆ ಬೇಡ. ನೆಂಟರ ಮುಂದೆ ಬೇಡ. ಮಗನಿಗೆ ಹೇಳಿ ಸೊಸೆಗೆ ಮುಟ್ಟಿಸುವುದಂತೂ ಬೇಡ. ನೇರವಾಗಿ, ಸಂಖ್ಯೆಯನ್ನು ಮುಂದಿಟ್ಟು ಮಾತಾಡಿ. ಮರುದಿನ ನಾನು ಹೇಳಿದ್ದು ಇಷ್ಟು: "ನಿನ್ನೆ ನಾನು ಅಂದದ್ದು ತಪ್ಪಾಯ್ತಮ್ಮ. ಜೂನ್‌ನಲ್ಲಿ 15.4 ಇದ್ದದ್ದು ಈಗ 14.6 ಆಗಿದೆ. ಯಾಕೆ ಅಂತ ಇಬ್ಬರೂ ಸೇರಿ ನೋಡೋಣ." ಅವಳೇ ಫೋನ್ ತೆಗೆದು ಡಬ್ಬಿ ವಾಪಸ್ ಬಂದ ದಿನಗಳ ಫೋಟೊ ತೋರಿಸಿದಳು. ಅವಳಿಗೂ ಚಿಂತೆಯಿತ್ತು, ಬೈಗುಳಕ್ಕೆ ಹೆದರಿ ಬಾಯಿ ಬಿಟ್ಟಿರಲಿಲ್ಲ.

"ನಮ್ಮ ಕಾಲದಲ್ಲಿ" ಎಂಬ ಮಾತನ್ನು ಸ್ವಲ್ಪ ದಿನ ಮರೆಯಿರಿ. "ಪಕ್ಕದ ಮನೆ ಮಗು ನೋಡು" ಎನ್ನುವುದನ್ನೂ.

ತಟ್ಟೆಯಲ್ಲಿ ಏನಿರಬೇಕು

ಯಾವ ಅಡುಗೆ, ಎಷ್ಟು ಹೊತ್ತಿಗೆ, ಎಲ್ಲಿ ಕೂತು ಎಂಬುದನ್ನು ದೊಡ್ಡವರು ನಿರ್ಧರಿಸಬೇಕು. ಎಷ್ಟು ತಿನ್ನಬೇಕೆಂಬುದನ್ನು ಮಗುವಿನ ಹೊಟ್ಟೆಗೆ ಬಿಡಿ. ಮೂರು ಊಟ, ನಡುವೆ ಎರಡು ತಿಂಡಿ, ಎರಡರ ನಡುವೆ ಎರಡೂವರೆ ಗಂಟೆಯಾದರೂ ಬರೀ ನೀರು. ಅರ್ಧ ಗಂಟೆಯಲ್ಲಿ ತಟ್ಟೆ ಎತ್ತಿಬಿಡಿ, ಬೈಯದೆ. ಬಟ್ಟಲು ಹಿಡಿದು ಅಂಗಳದ ತುಂಬ ಓಡುವುದು, ಮೊಬೈಲ್ ತೋರಿಸುತ್ತ ತುರುಕುವುದು ನಿಲ್ಲಲಿ. ಮೊದಲ ನಾಲ್ಕು ದಿನ ಕರುಳು ಕಿತ್ತು ಬರುತ್ತದೆ. ಐದನೇ ದಿನ ಹುಡುಗ ತಾನಾಗಿ "ಅಜ್ಜಿ, ಹೊಟ್ಟೆ ಹಸೀತಿದೆ" ಎಂದ. ನಾಲ್ಕು ತಿಂಗಳಲ್ಲಿ ಆ ಮಾತು ಅವನ ಬಾಯಲ್ಲಿ ಬಂದೇ ಇರಲಿಲ್ಲ ಎಂದು ಸೊಸೆ ಹೇಳಿದಳು.

ಚಿಕ್ಕ ಹೊಟ್ಟೆಗೆ ಸ್ವಲ್ಪದರಲ್ಲೇ ಹೆಚ್ಚು ಸತ್ವ ಹೋಗಬೇಕು. ತಿಳಿಸಾರು ಅನ್ನ ಹೊಟ್ಟೆ ತುಂಬಿಸುತ್ತದೆ, ಮೈಗೆ ಹತ್ತುವುದಿಲ್ಲ. ಅದೇ ಅನ್ನಕ್ಕೆ ಗಟ್ಟಿ ಬೇಳೆ, ಒಂದು ಚಮಚ ತುಪ್ಪ. ದೋಸೆಗೆ ಶೇಂಗಾ ಚಟ್ನಿ. ಹೆಸರುಬೇಳೆ ಪೊಂಗಲ್, ಮೊಸರನ್ನದಲ್ಲಿ ಕಿವುಚಿದ ಬಾಳೆಹಣ್ಣು, ಎಳ್ಳುಂಡೆ, ತಿನ್ನುವ ಮನೆಯಾದರೆ ದಿನಕ್ಕೊಂದು ಮೊಟ್ಟೆ. ಇಡೀ ಶೇಂಗಾ ಬೀಜ ಐದು ವರ್ಷದವರೆಗೆ ಕೊಡಬೇಡಿ, ಗಂಟಲಿಗೆ ಸಿಕ್ಕುತ್ತದೆ. ರಾಗಿ ಒಳ್ಳೆಯದು, ಸುಣ್ಣದಂಶ ಅದರಲ್ಲಿ ಹೇರಳ. ಆದರೆ ರಾಗಿ ಸರಿಯೊಂದನ್ನೇ ಮೂರು ಹೊತ್ತು ಕೊಟ್ಟರೆ ರಕ್ತ ಹೆಚ್ಚುವುದಿಲ್ಲ. ಕಬ್ಬಿಣಾಂಶಕ್ಕೆ ಸೊಪ್ಪು, ಕಾಳು, ಮಾಂಸ ಬೇಕು, ಮೇಲೆ ನಿಂಬೆರಸ ಅಥವಾ ಸೀಬೆಹಣ್ಣಿನ ಒಂದು ಹೋಳು ಇದ್ದರೆ ಅದು ಮೈಗೆ ಸೇರುತ್ತದೆ. ಚಹಾ ಅದನ್ನು ತಡೆಯುತ್ತದೆ. ಮಕ್ಕಳಿಗೆ ಚಹಾದಲ್ಲಿ ಬಿಸ್ಕತ್ತು ಅದ್ದಿ ಕೊಡುವುದನ್ನು ದಯವಿಟ್ಟು ಬಿಡಿ.

ಹೊಸ ರುಚಿಯನ್ನು ಮಗು ಒಂದು ಸಲ ಉಗಿದರೆ ಬಿಡಬೇಡಿ. ಒಪ್ಪಿಕೊಳ್ಳಲು ಹತ್ತು ಹದಿನೈದು ಸಲ ಬೇಕಾಗಬಹುದು.

ಮೆಡಿಕಲ್ ಸ್ಟೋರಿನ ಹಸಿವಿನ ಟಾನಿಕ್ ನೀವಾಗಿಯೇ ತರಬೇಡಿ. ಅವುಗಳಲ್ಲಿ ಕೆಲವು ತೂಕಡಿಕೆ ತರಿಸುವ ಔಷಧ. ಬಾಟಲಿ ಇರುವಷ್ಟು ದಿನ ತಿನ್ನುತ್ತದೆ, ಕಾರಣ ಒಳಗೇ ಉಳಿಯುತ್ತದೆ. ಹಾಲಿಗೆ ಹಾಕುವ ಡಬ್ಬಿಯ ಪುಡಿಗಳಲ್ಲಿ ಹೆಚ್ಚಿನವುಗಳ ತುಂಬ ಸಕ್ಕರೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಿರಿ ಎಂದು ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ದೃಷ್ಟಿ ತೆಗೆಯುವುದು ನಿಮ್ಮ ಮನಸ್ಸಿನ ಸಮಾಧಾನ, ತೆಗೆಯಿರಿ, ಆದರೆ ಅದಕ್ಕಾಗಿ ಆಸ್ಪತ್ರೆಯ ದಿನ ಮುಂದೂಡಬೇಡಿ. ಬಾಲಗ್ರಹವೆಂದು ಬರೆ ಹಾಕಿಸಿದ ಮಕ್ಕಳನ್ನು ನಾನು ಎತ್ತಿಕೊಂಡಿದ್ದೇನೆ. ಅದು ಮದ್ದಲ್ಲ, ಹಿಂಸೆ. ಯಾರೇ ಹಿರಿಯರು ಹೇಳಿದರೂ ಬೇಡ.

ವೈದ್ಯರ ಹತ್ತಿರ ಹೋಗುವಾಗ

ಕೊಂಡೊಯ್ಯಬೇಕಾದ್ದು: ಹಳೆಯ ಹೊಸ ತೂಕ, ಮೂರು ದಿನದ ಪುಸ್ತಕ, ತಾಯಿ ಕಾರ್ಡ್, ಕೊಟ್ಟಿರುವ ಎಲ್ಲ ಔಷಧಗಳ ಪಟ್ಟಿ (ನಾಟಿ ಔಷಧವನ್ನೂ ಸೇರಿಸಿ). ಮಾತನ್ನು ತಾಯಿಗೆ ಬಿಡಿ. ಅವಳು ಮರೆತದ್ದನ್ನು ಕೊನೆಯಲ್ಲಿ ನೀವು ಸೇರಿಸಿ. "ಒಂದು ಟಾನಿಕ್ ಬರೆದುಕೊಡಿ" ಎನ್ನಬೇಡಿ. "ತೂಕ ಇಳಿದಿದೆ, ಕಾರಣ ಏನಿರಬಹುದು?" ಎಂದು ಕೇಳಿ. ಸಾಮಾನ್ಯವಾಗಿ ರಕ್ತ, ಮೂತ್ರ, ಬೇಕಿದ್ದರೆ ಮಲ ಮತ್ತು ಸಕ್ಕರೆ ಪರೀಕ್ಷೆ ಮಾಡಿಸುತ್ತಾರೆ, ಅನುಮಾನವಿದ್ದರೆ ಎದೆಯ ಎಕ್ಸ್‌ರೇ ಮತ್ತು ಚರ್ಮಕ್ಕೆ ಚುಚ್ಚಿ ನೋಡುವ ಕ್ಷಯ ಪರೀಕ್ಷೆ. ಮತ್ತೆ ಯಾವಾಗ ಬರಬೇಕು ಎಂಬ ತಾರೀಕು ಬರೆಸಿಕೊಳ್ಳದೆ ಏಳಬೇಡಿ.

ಜಂತುಹುಳುವಿನ ಮಾತ್ರೆ ಅಂಗನವಾಡಿ, ಶಾಲೆಗಳಲ್ಲಿ ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಉಚಿತವಾಗಿ ಕೊಡುತ್ತಾರೆ: ಒಂದರಿಂದ ಎರಡು ವರ್ಷಕ್ಕೆ ಅರ್ಧ, ಮೇಲಿನವರಿಗೆ ಒಂದು. ಕೊಟ್ಟಿದ್ದಾರೆಯೇ ಎಂದು ವಿಚಾರಿಸಿ. ಇಳಿದ ತೂಕಕ್ಕೆಲ್ಲ ಹುಳುವೇ ಕಾರಣ ಎಂದು ಅಲ್ಲಿಗೇ ನಿಲ್ಲಬೇಡಿ.

ನಮ್ಮ ಹುಡುಗನ ಹಿಮೋಗ್ಲೋಬಿನ್ 8.9 ಬಂತು. ಆ ವಯಸ್ಸಿಗೆ 11 ಇರಬೇಕು. ಕಬ್ಬಿಣದ ಸಿರಪ್, ಮಲ ಮೆತ್ತಗಾಗಲು ಒಂದು ಸಿರಪ್ ಬರೆದರು. ಕಬ್ಬಿಣದ ಸಿರಪ್ಪನ್ನು ಹಾಲಿನ ಜೊತೆ ಕೊಡಬಾರದು, ನಿಂಬೆ ಪಾನಕದ ಜೊತೆ ಕೊಡಬಹುದು. ಮಲ ಕಪ್ಪಗಾಗುತ್ತದೆ, ಹೆದರಬೇಡಿ. ರಕ್ತ ಸರಿಯಾಯಿತೆಂದು ನಿಲ್ಲಿಸಲೂಬೇಡಿ, ಆಮೇಲೂ ಎರಡು ಮೂರು ತಿಂಗಳು ಕೊಡಿಸುತ್ತಾರೆ. ಊಟವಾದ ಮೇಲೆ ಐದು ನಿಮಿಷ, ಕಾಲ ಕೆಳಗೆ ಮಣೆ ಇಟ್ಟು ಕಕ್ಕಸಿನಲ್ಲಿ ಕೂರಿಸುವ ಅಭ್ಯಾಸ ಮಾಡಿಸಿದೆವು. ಸೊಸೆ ಶಾಲೆಗೆ ಹೋಗಿ ಮಾತಾಡಿದಳು. ಈಗ ಆಯಾ ಜೊತೆಗೆ ಹೋಗಿ ದೀಪ ಹಾಕಿ ಬಾಗಿಲ ಹೊರಗೆ ನಿಲ್ಲುತ್ತಾರೆ.

ದೊಡ್ಡ ಮಕ್ಕಳಾದರೆ

ಹನ್ನೊಂದು ಹನ್ನೆರಡು ದಾಟಿದ ಮೊಮ್ಮಗಳು ಊಟ ಬಿಡುತ್ತಿದ್ದರೆ ಕಾರಣ ಬೇರೆಯೇ ಇರಬಹುದು. "ದಪ್ಪ ಆಗಿದ್ದೀಯಲ್ಲೇ" ಎಂದು ಮದುವೆಮನೆಯಲ್ಲಿ ಯಾರೋ ಅಂದ ಮಾತು ತಟ್ಟೆಯವರೆಗೆ ಬಂದಿರುತ್ತದೆ. ಊಟವಾದ ತಕ್ಷಣ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಸಡಿಲ ಬಟ್ಟೆಯಲ್ಲಿ ಮೈ ಮುಚ್ಚಿಕೊಳ್ಳುವುದು, ಮುಟ್ಟು ನಿಲ್ಲುವುದು ಕಂಡರೆ ತಾಯಿಗೆ ತಿಳಿಸಿ ವೈದ್ಯರ ಬಳಿ ಕಳಿಸಿ. ಶಾಲೆಯಲ್ಲಿ ಕಾಟ, ಪರೀಕ್ಷೆಯ ಭಯ, ಮನೆಯ ಜಗಳವೂ ಹಸಿವು ಕೊಲ್ಲುತ್ತವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆ ವಯಸ್ಸಿನಲ್ಲಿ ತೂಕವನ್ನು ಎಲ್ಲರ ಮುಂದೆ ತೂಗಿ ಹೇಳಬೇಡಿ.

ಆಮೇಲೆ ಎಷ್ಟು ದಿನಕ್ಕೊಮ್ಮೆ ತೂಗುವುದು

ಹದಿನೈದು ದಿನಕ್ಕೊಮ್ಮೆ, ಅದೇ ತಕ್ಕಡಿ. ದಿನಾ ತೂಗಿದರೆ ನೀರು, ಮಲದ ಏರಿಳಿತವನ್ನೇ ನೋಡಿ ಕೊರಗುತ್ತೀರಿ. ಚಿಕಿತ್ಸೆ ಶುರುವಾಗಿ ತಿಂಗಳಾದರೂ ಏರದಿದ್ದರೆ ಮತ್ತೆ ವೈದ್ಯರ ಬಳಿ ಹೋಗಿ, ಅಗತ್ಯವಿದ್ದರೆ ದೊಡ್ಡ ಆಸ್ಪತ್ರೆಗೆ ಬರೆಸಿಕೊಳ್ಳಿ.

ನಮ್ಮ ಪುಸ್ತಕದಲ್ಲಿ ದೀಪಾವಳಿಗೆ 14.9, ಡಿಸೆಂಬರ್ ಕೊನೆಗೆ 15.5. ಸಂಕ್ರಾಂತಿಗೆ ಎಳ್ಳು ಬೀರಲು ಬಂದಾಗ 15.8. ಬರೆದದ್ದು ಸೊಸೆಯ ಕೈಬರಹ. ಸಿರಪ್ ಇನ್ನೂ ಎರಡು ತಿಂಗಳು ಇದೆ, ಯುಗಾದಿಯ ಹೊತ್ತಿಗೆ ರಕ್ತ ಪರೀಕ್ಷೆ ಮತ್ತೊಮ್ಮೆ.